ಸ್ವರಲಿಪಿ ಫೋಟೋ ಹೊಡೆದು ಕಳಿಸಬೇಡ್ರಿ, ಟೈಪ್ ಮಾಡ್ರಿ

ಭಾಗ 1/3: ಗೆರೆ ಹೋದ್ರೆ ರಾಗಾನೂ ಹೋಯ್ತು

ಯುವಜನೋತ್ಸವ ಹತ್ತಿರ ಬಂತಂದ್ರೆ ಕಾಲೇಜಿನ ಗ್ರೂಪುಗಳಲ್ಲಿ ಸ್ವರಲಿಪಿಯ ಫೋಟೋಗಳ ಸುರಿಮಳೆ. ಅರ್ಧ ಬ್ಲರ್, ಅರ್ಧ ಕತ್ತಲು, ಮೂಲೆಯಲ್ಲಿ ಯಾರದೋ ಹೆಬ್ಬೆರಳು. ನನ್ನ ಮಾತು ಸೀದಾ ಐತಿ: ಫೋಟೋ ಸಾಕು, ಅಕ್ಷರದಲ್ಲಿ ಟೈಪ್ ಮಾಡಿ ಕಳಿಸ್ರಿ. ಅದೂ ಹೆಂಗಿರಬೇಕಂದ್ರೆ, ಒಬ್ಬರು ಗಟ್ಟಿಯಾಗಿ ಓದಿದರೆ ಇನ್ನೊಬ್ಬರು ಅದನ್ನ ಕೇಳಿ ಪೇಟಿ ಮೇಲೆ ನುಡಿಸುವಂತಿರಬೇಕು.

ಬಿಕಾಂ ಓದೋರಿಗೆ ಇದ್ಯಾಕೆ ಅಂತೀರಾ? ಡೆಬಿಟ್ ಕಡೆ ಬರೆಯೋದು ಕ್ರೆಡಿಟ್ ಕಡೆ ಹೋದ್ರೆ ಏನಾಗ್ತದೆ ನಿಮಗೆ ಗೊತ್ತಲ್ಲ. ಸ್ವರಲಿಪಿಯಲ್ಲೂ ಅಷ್ಟೇ. ಒಂದು ಚುಕ್ಕಿ ತಪ್ಪಿದರೆ ಲೆಕ್ಕ ಕೂಡೋದಿಲ್ಲ.

ಹಿಂದೂಸ್ತಾನಿ ಕಲಿಯೋರಲ್ಲಿ ಹೆಚ್ಚು ಬಳಕೆಯಲ್ಲಿರೋದು ವಿಷ್ಣು ನಾರಾಯಣ ಭಾತಖಂಡೆ (1860–1936) ಅವರ ಪದ್ಧತಿ. ಸ್ವರದ ಕೆಳಗೆ ಚುಕ್ಕಿ ಇದ್ದರೆ ಮಂದ್ರ, ಮೇಲೆ ಚುಕ್ಕಿ ಇದ್ದರೆ ತಾರ. ಕೋಮಲ ಸ್ವರಕ್ಕೆ ಅಡಿಗೆರೆ, ತೀವ್ರ ಮಧ್ಯಮಕ್ಕೆ ನೆತ್ತಿಯ ಮೇಲೆ ನಿಂತ ಗೆರೆ. ಪೆನ್ನಿನಲ್ಲಿ ಬರೆಯೋಕೆ ಇಷ್ಟು ಚೆಂದದ ಪದ್ಧತಿ ಇನ್ನೊಂದಿಲ್ಲ.

ತೊಂದರೆ ಶುರುವಾಗೋದು ಫೋನಿನಲ್ಲಿ. ವರ್ಡ್ ಫೈಲಿನಲ್ಲಿ ಭೈರವದ ರೆ, ಧ ಎರಡಕ್ಕೂ ಅಂಡರ್‌ಲೈನ್ ಹಾಕಿ, ಅದನ್ನ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿ ನೋಡ್ರಿ. ಗೆರೆ ಮಾಯ! ಅಂಡರ್‌ಲೈನ್ ಅನ್ನೋದು ಅಕ್ಷರದ ಭಾಗ ಅಲ್ಲ, ಮೇಲೆ ಹಾಕಿದ ಅಲಂಕಾರ. ಅಕ್ಷರ ದಾಟಿ ಹೋಗ್ತದೆ, ಅಲಂಕಾರ ಹಿಂದೆ ಉಳೀತದೆ. ಕೋಮಲ ರೆ, ಧ ಎರಡೂ ಶುದ್ಧ ಆದವಂದ್ರೆ ಭೈರವ ಹೋಗಿ ಬಿಲಾವಲ್ ಸ್ವರಗಳು ಕೂತಿರ್ತಾವು. ಕಳಿಸಿದವರಿಗೂ ಗೊತ್ತಾಗಲ್ಲ, ಹಾಡೋರಿಗೂ ಗೊತ್ತಾಗಲ್ಲ.

ಹಂಗಾದ್ರೆ ಫೋಟೋನೇ ವಾಸಿ ಅಲ್ವಾ ಅಂತೀರಿ. ತಡೀರಿ, ಮುಂದಿನ ಭಾಗ ಓದ್ರಿ.

ಭಾಗ 2/3: ಇರೋ ದಾರಿ ಯಾವ್ಯಾವು?

ಒಂದೊಂದಾಗಿ ನೋಡೋಣ.

ಚುಕ್ಕಿ ಟೈಪ್ ಮಾಡೋದು. ಯೂನಿಕೋಡಿನಲ್ಲಿ ಅಕ್ಷರದ ಮೇಲೆ, ಕೆಳಗೆ ಕೂರುವ ಚುಕ್ಕಿಗಳು ಇದಾವೆ. ಆದ್ರೆ ಕನ್ನಡದ ಎಲ್ಲಾ ಫಾಂಟುಗಳೂ ಅವನ್ನ ಸರಿಯಾಗಿ ಕೂರಿಸೋದಿಲ್ಲ. ಒಂದರಲ್ಲಿ ಚುಕ್ಕಿ ಪಕ್ಕಕ್ಕೆ ಜಾರ್ತದೆ, ಇನ್ನೊಂದರಲ್ಲಿ ನಿ ಮೇಲಿನ ಗುಡಿಸಿಗೆ ಡಿಕ್ಕಿ ಹೊಡೀತದೆ. ಯೂನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ರಂತೂ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

ಇಂಗ್ಲಿಷ್ ಅಕ್ಷರ. ದೊಡ್ಡಕ್ಷರ ಇದ್ದರೆ ಶುದ್ಧ, ಸಣ್ಣಕ್ಷರ ಇದ್ದರೆ ಕೋಮಲ. ಮಧ್ಯಮಕ್ಕೆ ಮಾತ್ರ ಸಣ್ಣದು ಶುದ್ಧ, ದೊಡ್ಡದು ತೀವ್ರ. ಜಾಣತನದ ಉಪಾಯವೇ. ಆದ್ರೆ ಫೋನಿನ ಕೀಬೋರ್ಡು ಸಾಲಿನ ಮೊದಲ ಅಕ್ಷರವನ್ನ ತಾನೇ ದೊಡ್ಡದು ಮಾಡ್ತದೆ. ಕೋಮಲ ರೆ ಇಂದ ಸಾಲು ಶುರುವಾದ್ರೆ ಅದು ಶುದ್ಧ ಆಗಿಬಿಡ್ತದೆ.

ಪಾಶ್ಚಾತ್ಯ ಐದು ಗೆರೆಯ ನೊಟೇಶನ್. ಕೀಬೋರ್ಡ್, ಗಿಟಾರ್ ಕಲಿಯೋರಿಗೆ ಇದು ಬೇಕು. ಈ ಚಿಹ್ನೆಗಳು 2001ರಲ್ಲೇ ಯೂನಿಕೋಡಿಗೆ ಸೇರಿವೆ. ಆದ್ರೆ ಯಾವ ಸ್ವರ ಯಾವ ಗೆರೆ ಮೇಲೆ ಕೂರಬೇಕು ಅನ್ನೋದನ್ನ ಬರೀ ಅಕ್ಷರ ಹೇಳಲಾರದು. ಅದಕ್ಕೆ ಮ್ಯೂಸ್‌ಸ್ಕೋರ್, ಲಿಲಿಪಾಂಡ್‌ನಂಥ ಉಚಿತ ತಂತ್ರಾಂಶ ಬೇಕು. ಅಲ್ಲಿ ತಯಾರಿಸಿದ ಚಿತ್ರವನ್ನ ವರ್ಡ್‌ನಲ್ಲಿ ಕೂರಿಸಬಹುದು. ಮೂಲ ಫೈಲನ್ನೂ ಜೊತೆಗೆ ಕಳಿಸ್ರಿ, ಇಲ್ಲಾಂದ್ರೆ ಒಂದು ಸ್ವರ ತಿದ್ದೋಕೂ ಮೊದಲಿಂದ ಮಾಡಬೇಕು.

ನಮಗೆ ಇಷ್ಟೆಲ್ಲ ಬೇಕಾಗಿಲ್ಲ, ಯಾಕಂದ್ರೆ ನಮ್ಮ ಸ್ವರಗಳೇ ಅಕ್ಷರಗಳು. ಕರ್ನಾಟಕ ಸಂಗೀತದವರು ರಿ1, ರಿ2 ಅಂತ ಅಂಕಿ ಹಾಕಿ ಬರೀತಾರೆ, ಅದು ಎಲ್ಲಿಗೆ ಕಳಿಸಿದರೂ ಹಾಳಾಗಲ್ಲ. ಹಿಂದೂಸ್ತಾನಿಯವರು ಹಿಂಗ ಬರೀಬಹುದು:

ರಾಗ ಭೂಪ. ಮ, ನಿ ಇಲ್ಲ. ಉಳಿದವೆಲ್ಲ ಶುದ್ಧ.
ಆರೋಹ: ಸ ರೆ ಗ ಪ ಧ ತಾರ-ಸ
ಅವರೋಹ: ತಾರ-ಸ ಧ ಪ ಗ ರೆ ಸ

ಕೋಮಲ, ತೀವ್ರ ಯಾವುವು ಅಂತ ಮೊದಲ ಸಾಲಿನಲ್ಲೇ ಹೇಳಿಬಿಡ್ರಿ. ಖಮಾಜಿನ ಹಂಗ ಎರಡೂ ನಿ ಬರೋ ರಾಗ ಇದ್ರೆ, ಬೇಕಾದಲ್ಲಿ ಕೋಮಲ-ನಿ ಅಂತ ಪೂರ್ತಿ ಬರೀರಿ. ತಾಳಕ್ಕೆ ಸ್ಪೇಸ್ ಕೊಟ್ಟು ಸಾಲು ಹೊಂದಿಸೋಕೆ ಹೋಗಬೇಡ್ರಿ, ಕನ್ನಡ ಅಕ್ಷರಗಳ ಅಗಲ ಒಂದೇ ಇರೋದಿಲ್ಲ. ಒಂದು ವಿಭಾಗಕ್ಕೆ ಒಂದು ಸಾಲು. ತೀನ್‌ತಾಲದ 16 ಮಾತ್ರೆ ಅಂದ್ರೆ ನಾಲ್ಕು ನಾಲ್ಕರ ನಾಲ್ಕು ಸಾಲು, ಸಮ್ ಮೊದಲ ಸಾಲಿನ ಶುರುವಿಗೆ, ಖಾಲಿ ಮೂರನೇ ಸಾಲಿನ ಶುರುವಿಗೆ. ಎಕ್ಸೆಲ್ ಬರೋರು ಮಾತ್ರೆಗೊಂದು ಸೆಲ್ ಮಾಡ್ರಿ, ಇನ್ನೂ ಚೆಂದ.

ಭಾಗ 3/3: ಇಷ್ಟು ಕಷ್ಟ ಯಾರಿಗಾಗಿ?

ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹುಟ್ಟಿದ್ದು ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಪುಟ್ಟರಾಜ ಗವಾಯಿಗಳು 1914ರಲ್ಲಿ ಹುಟ್ಟಿದ್ದು ಅದೇ ತಾಲ್ಲೂಕಿನ ದೇವಗಿರಿಯಲ್ಲಿ. ಇಬ್ಬರೂ ನಮ್ಮದೇ ಹಾವೇರಿ ಜಿಲ್ಲೆಯವರು. ಇಬ್ಬರಿಗೂ ಕಣ್ಣು ಕಾಣ್ತಿರಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳನ್ನ ಗಾಯಕರನ್ನಾಗಿ, ವಾದಕರನ್ನಾಗಿ ಮಾಡಿದವರು. ಸ್ಟೇಜಿನ ಮೇಲೆ ಅವರ ಹೆಸರು ಹೇಳಿ ಚಪ್ಪಾಳೆ ಹೊಡೀತೀವಿ. ಕೆಳಗಿಳಿದು ಗ್ರೂಪಿಗೆ ಫೋಟೋ ಹಾಕ್ತೀವಿ.

ಕಣ್ಣು ಕಾಣದ ಗೆಳೆಯರು ಇವತ್ತು ಫೋನನ್ನ ಕಿವಿಯಿಂದ ಓದ್ತಾರೆ. ಟಾಕ್‌ಬ್ಯಾಕ್ ಆನ್ ಇದ್ರೆ ಫೋನು ಅಕ್ಷರವನ್ನ ಕನ್ನಡದಲ್ಲೇ ಓದಿ ಹೇಳ್ತದೆ. ಕೈಬರಹದ ಫೋಟೋ ಬಂದ್ರೆ? ಅದರೊಳಗಿನ ಸ್ವರಗಳು ಅವರ ಕಿವಿ ತಲುಪೋದಿಲ್ಲ. ನಾನು ಚುಕ್ಕಿ ಬಿಟ್ಟು ತಾರ-ಸ ಅಂತ ಪೂರ್ತಿ ಬರೀರಿ ಅಂದಿದ್ದು ಇದಕ್ಕೇ. ಸಣ್ಣ ಚಿಹ್ನೆಗಳನ್ನ ಫೋನು ಎಷ್ಟೋ ಸಲ ಹಾರಿಸಿಬಿಡ್ತದೆ, ಪದವನ್ನ ಹಾರಿಸೋದಿಲ್ಲ.

ಇದೇನು ಹೊಸ ಯೋಚನೆ ಅಲ್ಲ. ಲೂಯಿ ಬ್ರೈಲ್ 1829ರಲ್ಲಿ ತಮ್ಮ ಚುಕ್ಕಿ ಲಿಪಿಯ ಪುಸ್ತಕ ತಂದಾಗ, ಮಾತಿನ ಜೊತೆಗೇ ಸಂಗೀತ ಬರೆಯೋ ಬಗೆಯನ್ನೂ ಅದರಲ್ಲಿ ಸೇರಿಸಿದ್ರು. ಅವರೂ ಆರ್ಗನ್ ನುಡಿಸೋರು. ಸುಮಾರು ಇನ್ನೂರು ವರ್ಷದ ಮೇಲೆ, ಕೈಯಲ್ಲಿ ಸ್ಮಾರ್ಟ್‌ಫೋನ್ ಇಟ್ಕೊಂಡು ನಾವು ಅಷ್ಟೂ ಮಾಡದಿದ್ರೆ ಹೆಂಗ?

ಹೌದು, ಟೈಪ್ ಮಾಡೋಕೆ ಹತ್ತು ನಿಮಿಷ ಜಾಸ್ತಿ ಬೇಕು. ಮೀಂಡ್, ಗಮಕ ಅಕ್ಷರದಲ್ಲಿ ಸಿಗಲ್ಲ ಅನ್ನೋದೂ ಖರೆ. ಆದ್ರೆ ಅವು ಫೋಟೋದಲ್ಲೂ ಸಿಗಲ್ಲ, ಗುರುಗಳ ಬಾಯಿಂದಲೇ ಬರಬೇಕು. ಅದಕ್ಕೆ ಟೈಪ್ ಮಾಡಿದ್ದರ ಜೊತೆ ಒಂದು ವಾಯ್ಸ್ ನೋಟ್ ಹಾಕ್ರಿ. ಗುರುಗಳ ಕೈಬರಹದ ಮೇಲೆ ಪ್ರೀತಿ ಇದ್ರೆ ಫೋಟೋನೂ ಇರಲಿ, ಆದ್ರೆ ಅದೊಂದೇ ಬೇಡ. ಇಲ್ಲಿ ಪೋಸ್ಟ್ ಹಾಕೋರು ಆಲ್ಟ್ ಟೆಕ್ಸ್ಟ್ ಅನ್ನೋ ಜಾಗದಲ್ಲಿ ಸ್ವರ ಬರೀರಿ.

ಲಾಭ ನಮಗೂ ಐತಿ. ಅಕ್ಷರದಲ್ಲಿದ್ರೆ ಮುಂದಿನ ವರ್ಷ ಸರ್ಚ್ ಮಾಡಿದ್ರೆ ಸಿಗ್ತದೆ, ಜೂನಿಯರ್ಸ್ ತಿದ್ದಿ ಬಳಸಬಹುದು. ಫೋಟೋ ಅಂದ್ರೆ ಸ್ಟೋರೇಜ್ ಫುಲ್ ಆದ ದಿನವೇ ಡಿಲೀಟ್.

ಒಂದು ಪರೀಕ್ಷೆ ಕೊಡ್ತೀನಿ. ನೀವು ಕಳಿಸೋಕಿರೋ ಸ್ವರಲಿಪಿಯನ್ನ ಫೋನಿನಿಂದ ಓದಿಸಿ, ಕಣ್ಣು ಮುಚ್ಚಿ ಪೇಟಿ ಮೇಲೆ ನುಡಿಸ್ರಿ. (ಟಾಕ್‌ಬ್ಯಾಕ್ ಆನ್ ಇದ್ದಾಗ ಯಾವ ಬಟನ್ನಿಗೂ ಎರಡು ಸಲ ತಟ್ಟಬೇಕು, ಗಾಬರಿ ಆಗಬೇಡ್ರಿ.) ನುಡಿಸೋಕೆ ಬಂತಂದ್ರೆ ಕಳಿಸ್ರಿ. ಬರಲಿಲ್ಲಂದ್ರೆ ಇನ್ನೊಮ್ಮೆ ಟೈಪ್ ಮಾಡ್ರಿ.

ನೀವು ಟೈಪ್ ಮಾಡಿದ ಒಂದು ಆರೋಹ, ಅವರೋಹ ಕಮೆಂಟಿನಲ್ಲಿ ಹಾಕ್ರಿ. ಎಲ್ಲಾ ಓದ್ತೀನಿ, ಅಂದ್ರೆ ಫೋನಿನಿಂದ ಓದಿಸಿ ಕೇಳ್ತೀನಿ.

#ಸ್ವರಲಿಪಿ #ಹಂಸಭಾವಿ #ಹಾವೇರಿ