ಎಂಬಿಪಿಎಸ್ ಬಿಡಿ, ಪಾಲು ಕೇಳಿ

ಹಗಲಲ್ಲಿ ಸರಾಗವಾಗಿ ಓಡುವ ಟಿವಿ ರಾತ್ರಿ ಎಂಟು ಹೊಡೆಯುತ್ತಲೇ ಚಕ್ರ ಸುತ್ತತೊಡಗಿದರೆ ತಪ್ಪು ಟಿವಿಯದೂ ಅಲ್ಲ, ಫೈರ್ ಸ್ಟಿಕ್ಕಿನದೂ ಅಲ್ಲ. ಒಂದೇ ಸಂಪರ್ಕವನ್ನು ಆ ಹೊತ್ತಿನಲ್ಲಿ ಎಷ್ಟು ಮನೆಗಳು ಹಂಚಿಕೊಂಡಿವೆ ಎಂಬುದರಲ್ಲಿ ಆ ತಪ್ಪಿದೆ. ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಉಮದಿ, ಸಂಖದಂಥ ಕನ್ನಡ ಊರುಗಳಿಗೂ ಈ ಮಾತು ಅನ್ವಯಿಸುತ್ತದೆ, ಪುಣೆಯ ಬಡಾವಣೆಗೂ ಅನ್ವಯಿಸುತ್ತದೆ.

2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಹಳ್ಳಿಗಳಿಗೆ ಬ್ರಾಡ್‌ಬ್ಯಾಂಡ್ ಒಯ್ಯುವ ಪರಿಷ್ಕೃತ ಭಾರತ್‌ನೆಟ್‌ಗೆ 1,39,579 ಕೋಟಿ ರೂಪಾಯಿ ಒಪ್ಪಿತು. 2024ರ ಅಕ್ಟೋಬರ್‌ನಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಹೊಸ ಗುಣಮಟ್ಟದ ನಿಯಮಗಳು ಜಾರಿಗೆ ಬಂದವು. ಎರಡರ ಮೇಲೂ ಸಾಕಷ್ಟು ಚರ್ಚೆ ನಡೆದಿದೆ, ಆದರೆ ಅದೆಲ್ಲ ಕೋಟಿ ಮತ್ತು ಎಂಬಿಪಿಎಸ್ ಸುತ್ತಲೇ. 2009ರ ಮಾರ್ಚ್‌ನಲ್ಲಿ ಇದೇ ಟ್ರಾಯ್ ಬರೆದಿಟ್ಟ ಒಂದು ಅಂಕಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ: 1:50.

ಮನೆಬಳಕೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಒಂದು ಪಾಲು ಬ್ಯಾಂಡ್‌ವಿಡ್ತ್‌ಗೆ ಐವತ್ತಕ್ಕಿಂತ ಹೆಚ್ಚು ಗ್ರಾಹಕರನ್ನು ಹೊರಿಸಬಾರದು, ಈ ಅನುಪಾತವನ್ನು ಕಂಪನಿಗಳು ಗ್ರಾಹಕರಿಗೆ ತಿಳಿಸಬೇಕು ಎಂಬುದು ಅದರ ತಿರುಳು. ಮೇಲ್ ನೋಡಿ ಎದ್ದುಹೋಗುತ್ತಿದ್ದ ಕಾಲಕ್ಕೆ ಅದು ಸರಿಯಿತ್ತು, ಐವತ್ತು ಜನ ಒಂದೇ ಕ್ಷಣಕ್ಕೆ ಗುಂಡಿ ಒತ್ತುತ್ತಿರಲಿಲ್ಲ. ವಿಡಿಯೊ ಹಾಗಲ್ಲ, ಎರಡು ಗಂಟೆ ಬಿಡದೆ ಎಳೆಯುತ್ತದೆ.

ಲೆಕ್ಕ ಹಾಕಿ ನೋಡಬಹುದು. ಐವತ್ತು ಮನೆಗಳಿಗೆ ತಲಾ 50 ಎಂಬಿಪಿಎಸ್ ಪ್ಲ್ಯಾನ್ ಮಾರಿ, ಮೇಲಿನಿಂದ ಒಟ್ಟು 50 ಎಂಬಿಪಿಎಸ್ ತಂದರೂ 1:50 ಪಾಲಿಸಿದಂತಾಯಿತು. ಫುಲ್ ಎಚ್‌ಡಿಗೆ ನೆಟ್‌ಫ್ಲಿಕ್ಸ್ ಹೇಳುವ ವೇಗ 5 ಎಂಬಿಪಿಎಸ್. ಹತ್ತು ಮನೆಗಳಲ್ಲಿ ಸಿನಿಮಾ ಶುರುವಾದರೆ ಕೊಳವೆ ತುಂಬಿತು. ಹನ್ನೊಂದನೆಯ ಮನೆ ಸೇರಿತೆಂದರೆ ಮೊದಲು ಚಿತ್ರ ಮಸುಕಾಗುತ್ತದೆ, ಆಮೇಲೆ ನಿಲ್ಲುತ್ತದೆ. ಧಾರಾವಾಹಿಯಾದರೆ ಮುಂದಿನ ಭಾಗ ಒಂದಿಷ್ಟು ಮೊದಲೇ ಇಳಿದಿರುತ್ತದೆ. ನೇರಪ್ರಸಾರದ ಐಪಿಎಲ್‌ಗೆ ಆ ಅನುಕೂಲವೂ ಇಲ್ಲ. ಮ್ಹೈಸಾಳ ಏತ ನೀರಾವರಿಯ ನೀರಿಗೆ ವರ್ಷಗಟ್ಟಲೆ ಕಾದ ಜತ್ತ ಪೂರ್ವಭಾಗದವರಿಗೆ ಕಾಲುವೆಯ ಕೊನೆಯಲ್ಲಿರುವವನ ಪಾಡು ಬಿಡಿಸಿ ಹೇಳಬೇಕಿಲ್ಲ.

ಭಾರತ್‌ನೆಟ್‌ನ 2011ರ ಮೂಲ ಯೋಜನೆ ಪ್ರತಿ ಗ್ರಾಮ ಪಂಚಾಯ್ತಿಗೆ ಕೊಡಹೊರಟಿದ್ದು 100 ಎಂಬಿಪಿಎಸ್. ಇದೇ ಲೆಕ್ಕದಲ್ಲಿ ಅದು ಇಪ್ಪತ್ತು ಟಿವಿಗಳಿಗೆ ಸಾಕು. ಪರಿಷ್ಕೃತ ಯೋಜನೆ ಕೇಬಲನ್ನು ಉಂಗುರದಂತೆ ಎಳೆಯುತ್ತದೆ, ಜೆಸಿಬಿ ಒಂದು ಕಡೆ ಕಿತ್ತರೆ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುತ್ತದೆ. ಒಳ್ಳೆಯದೇ. ಆದರೆ ಸಂಪರ್ಕ ಕಡಿಯದಿರುವುದು ಬೇರೆ, ಪಾಲು ಸಾಲುವುದು ಬೇರೆ.

ಕಂಪನಿಯವರು ಸ್ಪೀಡ್ ಟೆಸ್ಟ್ ಮಾಡಿ ತೋರಿಸುತ್ತಾರೆ, 48 ಬರುತ್ತದೆ, ದೂರು ಮುಗಿಯಿತು. ಆ ಪರೀಕ್ಷೆ ಸಾಮಾನ್ಯವಾಗಿ ಹತ್ತಿರದ ಸರ್ವರ್‌ವರೆಗೆ ಹೋಗಿಬರುತ್ತದೆ. 2006ರ ಟ್ರಾಯ್ ನಿಯಮವೂ ಗ್ರಾಹಕನ ವೇಗವನ್ನು ಅಳೆಯಹೇಳಿದ್ದು ಕಂಪನಿಯ ನೋಡ್‌ನಿಂದ ಮನೆಯವರೆಗಷ್ಟೇ. ಅದರಿಂದಾಚೆಗೆ ಅದೇ ನಿಯಮ ಬೇರೊಂದು ಗೆರೆ ಎಳೆದಿತ್ತು: ಯಾವುದೇ ದಾರಿಯಲ್ಲಿ ಬಳಕೆ ಶೇ 90 ಮೀರಿದರೆ ಅದು ದಟ್ಟಣೆ, ತಿಂಗಳೊಳಗೆ ಹೆಚ್ಚುವರಿ ಬ್ಯಾಂಡ್‌ವಿಡ್ತ್ ಒದಗಿಸಬೇಕು. ಗ್ರಾಹಕನಿಗೆ ನಿಜವಾಗಿ ಬೇಕಾದ ಸಾಲು ಇದೇ. ನೆಟ್‌ಫ್ಲಿಕ್ಸ್‌ನದೇ ಆದ ಫಾಸ್ಟ್ ಡಾಟ್ ಕಾಮ್ ನೆಟ್‌ಫ್ಲಿಕ್ಸ್ ಸರ್ವರ್‌ಗಳಿಂದಲೇ ಅಳೆಯುತ್ತದೆ. ರಾತ್ರಿ ಒಂಬತ್ತಕ್ಕೆ ಎರಡೂ ಪರೀಕ್ಷೆಗಳನ್ನು ಹಚ್ಚಿ ನೋಡಿದರೆ ಅಂತರ ಕಣ್ಣಿಗೆ ಬೀಳಬಹುದು.

ಮನೆಯೊಳಗಿನ ದೋಷವೂ ಇಲ್ಲದಿಲ್ಲ. ದಪ್ಪ ಕಲ್ಲುಗೋಡೆಯ ಮನೆಯಲ್ಲಿ ರೂಟರ್ ಪಡಸಾಲೆಯಲ್ಲಿದ್ದು ಟಿವಿ ಒಳಕೋಣೆಯಲ್ಲಿದ್ದರೆ 5 ಗಿಗಾಹರ್ಟ್ಸ್ ವೈಫೈ ಸೋಲುತ್ತದೆ. ಹತ್ತು ಮೀಟರ್ ಲ್ಯಾನ್ ಕೇಬಲ್ ಎಳೆದರೆ ಆ ಸಮಸ್ಯೆ ಅಲ್ಲಿಗೆ ಮುಗಿಯಿತು. ಆದರೆ ಅಂಥ ತೊಂದರೆ ಹಗಲೂ ಇರುತ್ತದೆ, ಎಂಟು ಗಂಟೆಗೆ ಕಾಯುವುದಿಲ್ಲ.

ಪ್ರತಿ ಬಿಲ್ಲಿನ ಮೇಲೆ ಎಂಬಿಪಿಎಸ್ ಪಕ್ಕದಲ್ಲೇ ಹಂಚಿಕೆಯ ಅನುಪಾತವನ್ನೂ ದಟ್ಟಣೆ ವೇಳೆಯ ಬಳಕೆಯನ್ನೂ ಅಚ್ಚು ಹಾಕುವುದನ್ನು ಟ್ರಾಯ್ ಕಡ್ಡಾಯ ಮಾಡಬೇಕು, ಜತ್ತದಲ್ಲಿ ಮರಾಠಿಯ ಜತೆ ಕನ್ನಡದಲ್ಲೂ.