ಮೂವರು ಅಕ್ಕತಂಗಿಯರು, ಮೂರು ಕ್ಯಾಸೆಟ್‌ಗಳು

ಕಳೆದ ದೀಪಾವಳಿಗೆ ನನ್ನ ಮೂವರು ಹೆಣ್ಣುಮಕ್ಕಳೂ ಒಟ್ಟಿಗೆ ಮನೆಗೆ ಬಂದಿದ್ದರು. ಹಬ್ಬದ ಮುನ್ನಾದಿನ ಅಟ್ಟದ ಮೇಲಿನ ಹಳೆಯ ಟ್ರಂಕನ್ನು ಕೆಳಗಿಳಿಸಿ ಶುಚಿ ಮಾಡುತ್ತಿದ್ದಾಗ, ಪಠ್ಯಪುಸ್ತಕಗಳ ಅಡಿಯಲ್ಲಿ ಕರವಸ್ತ್ರದಲ್ಲಿ ಸುತ್ತಿಟ್ಟಿದ್ದ ಪುಟ್ಟ ಆಟದ ಯಂತ್ರವೊಂದು ಕೈಗೆ ಸಿಕ್ಕಿತು. ನೇರಳೆ ಬಣ್ಣದ ಗೇಮ್ ಬಾಯ್ ಕಲರ್. ಅದರ ಬೆನ್ನಿಗೆ ಒಂದು ಕ್ಯಾಸೆಟ್ ಇನ್ನೂ ಅಂಟಿಕೊಂಡೇ ಇತ್ತು. ಅದನ್ನು ಕಂಡೊಡನೆ ಮೂವತ್ತು ದಾಟಿದ ಆ ಮೂವರೂ ಮಕ್ಕಳಂತೆ ಕೂಗಿಕೊಂಡರು. ನನಗೆ ಮಾತ್ರ ಹಳೆಯ ಸಿಟ್ಟೊಂದು ನೆನಪಾಯಿತು. ಆ ಸಿಟ್ಟಿನೊಡನೆ ಒಂದು ಸಂಕೋಚವೂ ನೆನಪಾಯಿತು. ಎರಡನ್ನೂ ಇಲ್ಲಿ ಬರೆದಿಡುವುದು ಒಳ್ಳೆಯದೆನಿಸಿದೆ.

ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನೋದಿ ನಗಬಹುದು. ಮೇಜಿನ ಕೆಳಗೆ ವಿಡಿಯೋ ಗೇಮ್ ಒತ್ತುತ್ತಾ ಸಿಕ್ಕಿಬಿದ್ದವರನ್ನು ನಾನು ಪಾಠ ಮುಗಿಯುವವರೆಗೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದುದು ಅವರಿಗೆ ಚೆನ್ನಾಗಿ ಗೊತ್ತು. ಅಂತಹ ಮೇಷ್ಟ್ರು ಈಗ ಗೇಮಿನ ಗುಣದೋಷ ವಿವೇಚನೆಗೆ ಕುಳಿತಿದ್ದಾರೆಂದರೆ ಅದು ವಿನೋದದ ಸಂಗತಿಯೇ ಸರಿ. ಆದರೆ ಈ ಆಟದ ಮೇಲಿನ ನನ್ನ ಆಕ್ಷೇಪ, ಅದು ಮಕ್ಕಳ ಸಮಯವನ್ನು ಹಾಳುಮಾಡಿತೆಂಬುದಲ್ಲ. ಅದು ಮಕ್ಕಳಿಗೆ ಪ್ರಿಯವಾದ ಕಥೆಯೊಂದರ ಜೀವಕ್ಕೇ ಕತ್ತರಿ ಹಾಕಿತೆಂಬುದು.

ಆಟದ ಮೂಲ ಕಥೆಯನ್ನು ಹೇಳಿಬಿಡುತ್ತೇನೆ. ಅಮೆರಿಕದ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ 1998ರ ನವೆಂಬರಿನಲ್ಲಿ ‘ಪವರ್‌ಪಫ್ ಗರ್ಲ್ಸ್’ ಎಂಬ ಸರಣಿ ಆರಂಭವಾಯಿತು. ಅದರ ಕರ್ತೃ ಕ್ರೇಗ್ ಮೆಕ್‌ಕ್ರಾಕನ್. ಈ ಮೂವರು ಹುಡುಗಿಯರನ್ನು ಆತ ಮೊದಲು ಕಲ್ಪಿಸಿಕೊಂಡದ್ದು 1992ರಲ್ಲಿ, ಕ್ಯಾಲಿಫೋರ್ನಿಯಾದ ಕಲಾಶಾಲೆಯೊಂದರಲ್ಲಿ ಓದುತ್ತಿದ್ದಾಗ ಮಾಡಿದ ಒಂದು ಕಿರುಚಿತ್ರಕ್ಕಾಗಿ. ವಿದ್ಯಾರ್ಥಿಯೊಬ್ಬನ ಅಭ್ಯಾಸದ ಕೆಲಸ ಮುಂದೆ ಲೋಕದ ಮಕ್ಕಳನ್ನೆಲ್ಲ ನಗಿಸಿತೆಂಬುದು ಮೇಷ್ಟ್ರಾದವನಿಗೆ ಸಂತೋಷದ ವಿಷಯ.

ಪ್ರೊಫೆಸರ್ ಯುಟೋನಿಯಮ್ ಎಂಬ ವಿಜ್ಞಾನಿ ಸಕ್ಕರೆ, ಮಸಾಲೆ ಮತ್ತು ಒಳ್ಳೆಯದೆನ್ನುವುದನ್ನೆಲ್ಲ ಬೆರೆಸಿ ಹೆಣ್ಣುಮಕ್ಕಳನ್ನು ಸೃಷ್ಟಿಸಲು ಹೊರಡುತ್ತಾನೆ. ಆಕಸ್ಮಿಕವಾಗಿ ಅದರೊಳಗೆ ‘ಕೆಮಿಕಲ್ ಎಕ್ಸ್’ ಎಂಬ ದ್ರವವೂ ಬೀಳುತ್ತದೆ. ಹುಟ್ಟಿದ ಮೂವರಿಗೂ ಹಾರುವ, ಬೆಟ್ಟ ಎತ್ತುವ ಶಕ್ತಿ. ಬ್ಲಾಸಮ್ ವಿವೇಕಿ, ಮುಂದಾಳು. ಬಬಲ್ಸ್ ಮೃದು ಸ್ವಭಾವದವಳು. ಬಟರ್‌ಕಪ್ ಗಟ್ಟಿಗಿತ್ತಿ, ಮೂಗಿನ ತುದಿಯಲ್ಲೇ ಕೋಪ. ಟೌನ್ಸ್‌ವಿಲ್ ಎಂಬ ಊರಿನ ಮೇಯರ್ ದೂರವಾಣಿಯಲ್ಲಿ ಕರೆದೊಡನೆ ಶಿಶುವಿಹಾರದ ತರಗತಿಯಿಂದಲೇ ಹಾರಿ ಹೋಗಿ ದುಷ್ಟರನ್ನು ಬಡಿದು ಬರುತ್ತಾರೆ. ಅವರ ಶಿಕ್ಷಕಿ ಮಿಸ್ ಕೀನ್ ಅದಕ್ಕೆ ಒಪ್ಪಿಗೆ ಕೊಡುತ್ತಾಳೆ. ನಾನಾಗಿದ್ದರೆ ರಜಾಚೀಟಿ ಕೇಳುತ್ತಿದ್ದೆ.

ಈ ಕಥೆಯ ಜೀವ ಎಲ್ಲಿದೆ? ಹಾರಾಟದಲ್ಲಿಲ್ಲ, ಹೊಡೆದಾಟದಲ್ಲೂ ಇಲ್ಲ. ಒಬ್ಬಳಲ್ಲಿರುವುದು ಇನ್ನೊಬ್ಬಳಲ್ಲಿಲ್ಲ, ಮೂವರೂ ಸೇರಿದರೆ ಮಾತ್ರ ಪೂರ್ಣ. ಅವರೂ ಜಗಳವಾಡುತ್ತಾರೆ, ಮುನಿಸಿಕೊಳ್ಳುತ್ತಾರೆ, ಆದರೆ ಒಂದೇ ಹಾಸಿಗೆಯಲ್ಲಿ ಮಲಗಿ ಏಳುತ್ತಾರೆ. ನಮ್ಮ ಮನೆಗೆ ಕೇಬಲ್ ಬಂದ ಹೊಸತರಲ್ಲಿ ನನ್ನ ಮಕ್ಕಳು ಈ ಸರಣಿಗೆ ಮರುಳಾದದ್ದೂ ಇದಕ್ಕೇ. ಇಂಗ್ಲಿಷ್ ಅರ್ಧ ಅರ್ಥವಾಗದಿದ್ದರೂ ಪಾತ್ರಗಳನ್ನು ಹಂಚಿಕೊಂಡಿದ್ದರು. ಹಿರಿಯವಳು ಬ್ಲಾಸಮ್, ನಡುವಿನವಳು ಬಟರ್‌ಕಪ್, ಕಿರಿಯವಳು ಬಬಲ್ಸ್. ಈ ಹಂಚಿಕೆಯಲ್ಲಿ ತಂದೆತಾಯಿಗಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

2001ರಲ್ಲಿ ಅಮೆರಿಕದಲ್ಲಿದ್ದ ನನ್ನ ತಮ್ಮ ಊರಿಗೆ ಬಂದಾಗ ಈ ಯಂತ್ರವನ್ನೂ ಒಂದು ಪವರ್‌ಪಫ್ ಕ್ಯಾಸೆಟ್ಟನ್ನೂ ತಂದುಕೊಟ್ಟ. ಮಕ್ಕಳ ಹಿಗ್ಗು ಕಾಲು ಗಂಟೆ ಇತ್ತು. ಆಮೇಲೆ ಕಿರಿಯವಳು, ಆಗ ಆರು ವರ್ಷ, ಕೇಳಿದಳು: “ಚಿಕ್ಕಪ್ಪಾ, ಇದರಲ್ಲಿ ಬಟರ್‌ಕಪ್ ಒಬ್ಬಳೇ ಇದಾಳಲ್ಲ, ನಾನೂ ಅಕ್ಕನೂ ಎಲ್ಲಿ?”

ತಮ್ಮನ ಮುಖ ಸಣ್ಣದಾಯಿತು. ಆಗ ಅವನು ವಿವರಿಸಿದ. 2000 ಮತ್ತು 2001ರ ನಡುವೆ ಈ ಸರಣಿಯ ಆಟಗಳು ಗೇಮ್ ಬಾಯ್ ಕಲರ್‌ಗೆ ಮೂರು ಬಂದಿದ್ದವು. ‘ಬ್ಯಾಡ್ ಮೋಜೋ ಜೋಜೋ’ದ ಮುಖ್ಯ ನಾಯಕಿ ಬ್ಲಾಸಮ್, ‘ಪೇಂಟ್ ದ ಟೌನ್ಸ್‌ವಿಲ್ ಗ್ರೀನ್’ಗೆ ಬಟರ್‌ಕಪ್, ‘ಬ್ಯಾಟಲ್ ಹಿಮ್’ಗೆ ಬಬಲ್ಸ್. ಹೀಗೆ ಮೂವರು ಅಕ್ಕತಂಗಿಯರಿಗೆ ಮೂರು ಕ್ಯಾಸೆಟ್, ಮೂರು ಬೆಲೆ. ಅವನ ಜೇಬಿಗೆ ಎಟುಕಿದ್ದು ಒಂದು.

ನನ್ನ ಸಿಟ್ಟು ಹುಟ್ಟಿದ್ದು ಅಲ್ಲಿ. ಒಗ್ಗಟ್ಟೇ ಸಾರವಾಗಿರುವ ಕಥೆಯನ್ನು ಮೂರು ತುಂಡು ಮಾಡಿ ಒಂದೊಂದಕ್ಕೂ ಹಣ ಕೇಳುವುದು ಯಾವ ನ್ಯಾಯ? ರಾಮನನ್ನು ಒಂದು ಪುಸ್ತಕದಲ್ಲೂ ಲಕ್ಷ್ಮಣನನ್ನು ಇನ್ನೊಂದರಲ್ಲೂ ಅಚ್ಚುಹಾಕಿ ಮಾರಿದಂತಾಯಿತು. ಆ ಕ್ಯಾಸೆಟ್‌ಗಳ ನಡುವೆ ಏನೇ ಕೊಡುಕೊಳ್ಳುವಿಕೆಯ ಏರ್ಪಾಡಿರಲಿ, ಅಕ್ಕತಂಗಿಯರನ್ನು ಅಂಗಡಿಯ ಕಪಾಟಿನಲ್ಲಿ ಬೇರೆ ಬೇರೆ ಕೂರಿಸಿದ್ದಂತೂ ನಿಜ.

ಇದಕ್ಕೆ ಎರಡು ಸಮಾಧಾನಗಳನ್ನು ಹೇಳುವವರಿದ್ದಾರೆ. ಎರಡನ್ನೂ ಪರಿಶೀಲಿಸೋಣ.

ಮೊದಲನೆಯದು, ಯಂತ್ರವೇ ಸಣ್ಣದು ಎಂಬುದು. ಗೇಮ್ ಬಾಯ್ ಕಲರ್‌ನ ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕೆಗಳು ಮಾತ್ರ. ಎರಡು ಪೆನ್ಸಿಲ್ ಸೆಲ್ಲಿನ ಮೇಲೆ ನಡೆಯುವ ಯಂತ್ರದಿಂದ ಎಷ್ಟು ಕೇಳಬಹುದು? ಆದರೆ ಈ ವಾದ ನಿಲ್ಲುವುದಿಲ್ಲ. ಹತ್ತು ವರ್ಷ ಮೊದಲೇ, 1990ರಲ್ಲಿ, ಬಣ್ಣವೂ ಇಲ್ಲದ ಹಳೆಯ ಗೇಮ್ ಬಾಯ್‌ಗೆ ‘ಟೀನೇಜ್ ಮ್ಯೂಟೆಂಟ್ ನಿಂಜಾ ಟರ್ಟಲ್ಸ್’ ಆಟವೊಂದು ಬಂದಿತ್ತು. ಅದೂ ವೀರಾಧಿವೀರರ ಕಾರ್ಟೂನೇ. ನಾಲ್ವರು ಆಮೆ ಸಹೋದರರ ಕಥೆ. ನಾಲ್ವರೂ ಒಂದೇ ಕ್ಯಾಸೆಟ್ಟಿನಲ್ಲಿದ್ದರು. ಆಡುವವರು ಬೇಕಾದವನನ್ನು ಆರಿಸಿಕೊಳ್ಳಬಹುದಿತ್ತು. ಒಬ್ಬ ಶತ್ರುವಿಗೆ ಸೆರೆಸಿಕ್ಕರೆ ಇನ್ನೊಬ್ಬ ಮುಂದೆ ಬರುತ್ತಿದ್ದ. ನಾಲ್ವರು ಅಣ್ಣತಮ್ಮಂದಿರಿಗೆ ಇದ್ದ ಜಾಗ ಮೂವರು ಅಕ್ಕತಂಗಿಯರಿಗೆ ಇರಲಿಲ್ಲವೆಂದರೆ, ಕೊರತೆಯಿದ್ದದ್ದು ಯಂತ್ರದಲ್ಲಲ್ಲ.

ಎರಡನೆಯದು, ಪೋಕೆಮಾನ್ ಕೂಡ ಹಾಗೆಯೇ ಬಂತಲ್ಲ ಎಂಬುದು. ಹೌದು, 1996ರಲ್ಲಿ ಜಪಾನಿನಲ್ಲಿ ಪೋಕೆಮಾನ್ ಆಟ ಕೆಂಪು ಮತ್ತು ಹಸಿರು ಎಂಬ ಎರಡು ಕ್ಯಾಸೆಟ್‌ಗಳಾಗಿಯೇ ಬಂದಿತು. ಕೆಲವು ಜೀವಿಗಳು ಒಂದರಲ್ಲಿ ಮಾತ್ರ, ಕೆಲವು ಇನ್ನೊಂದರಲ್ಲಿ ಮಾತ್ರ. ಎಲ್ಲವೂ ಬೇಕಾದರೆ ಇನ್ನೊಬ್ಬ ಹುಡುಗನನ್ನು ಹುಡುಕಿ, ಎರಡು ಯಂತ್ರಗಳ ನಡುವೆ ತಂತಿ ಹಾಕಿ ವಿನಿಮಯ ಮಾಡಿಕೊಳ್ಳಬೇಕು. ಅದನ್ನು ರೂಪಿಸಿದ ಸತೋಷಿ ತಾಜಿರಿ ಬಾಲ್ಯದಲ್ಲಿ ಹುಳುಗಳನ್ನು ಹಿಡಿದು ಕೂಡಿಡುತ್ತಿದ್ದವರು. ನಮ್ಮ ಕಾಲದಲ್ಲಿ ಬೆಂಕಿಪೊಟ್ಟಣದ ಚಿತ್ರಗಳನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದೆವಲ್ಲ, ಅದೇ ಸುಖ. ಅಲ್ಲಿ ಎರಡಾಗಿ ಒಡೆದದ್ದು ಮಕ್ಕಳನ್ನು ಕೂಡಿಸಲು. ವ್ಯಾಪಾರವೂ ಇತ್ತೆನ್ನಿ, ಆದರೆ ಒಡೆದದ್ದಕ್ಕೆ ಆಟದೊಳಗೇ ಒಂದು ಅರ್ಥವಿತ್ತು. ಪವರ್‌ಪಫ್ ಕಥೆಯಲ್ಲಿ ಮೂವರು ಮೊದಲೇ ಕೂಡಿದ್ದರು. ಅವರನ್ನು ಅಗಲಿಸಿ ಮತ್ತೆ ಕೂಡಿಸುವ ಖರ್ಚನ್ನು ಮಗುವಿನ ಮೇಲೆ ಹೊರಿಸಲಾಯಿತು. ಒಡೆಯುವುದೆಲ್ಲ ತಪ್ಪಲ್ಲ, ಏತಕ್ಕಾಗಿ ಒಡೆದರು ಎಂಬುದನ್ನು ನೋಡಬೇಕು.

ಇಷ್ಟು ಹೇಳಿದ ಮೇಲೆ ನನ್ನ ಮಕ್ಕಳು ಮಾಡಿದ್ದನ್ನು ಹೇಳಬೇಕು. ಆ ಯಂತ್ರದ ಪರದೆಗೆ ಒಳಗಿನಿಂದ ಬೆಳಕಿರಲಿಲ್ಲ. ಸಂಜೆ ಕರೆಂಟು ಹೋದಾಗ ಮೂವರೂ ಗೋಡೆಗೊರಗಿ ಕುಳಿತುಕೊಳ್ಳುತ್ತಿದ್ದರು. ನಡುವಿನವಳು ಗುಂಡಿ ಒತ್ತುವವಳು, ಏಕೆಂದರೆ ಬಟರ್‌ಕಪ್ ಅವಳೇ. ಹಿರಿಯವಳು ಶತ್ರು ಎತ್ತಲಿಂದ ಬರುತ್ತಾನೆಂದು ಕೂಗಿ ಹೇಳುವವಳು. ಕಿರಿಯವಳು ಪರದೆಯ ಮೇಲೆ ಟಾರ್ಚ್ ಹಿಡಿಯುವವಳು. ಟಾರ್ಚ್ ಅಲುಗಿದರೆ ಜಗಳ. ಒಬ್ಬರಿಗೆಂದು ಮಾಡಿದ ಆಟವನ್ನು ಹೀಗೆ ಮೂವರು ಆಡಿದರು. ಅಂಗಡಿಯವರು ಬಿಡಿಸಿಟ್ಟದ್ದನ್ನು ಮಕ್ಕಳು ತಮ್ಮ ಪಾಡಿಗೆ ತಾವು ಕೂಡಿಸಿಕೊಂಡಿದ್ದರು. ನಾನು ಅದನ್ನು ನೋಡಿ, ‘ಕಣ್ಣು ಹಾಳಾಗುತ್ತದೆ’ ಎಂದು ಗದರಿಸಿದೆನೇ ಹೊರತು ಬೇರೇನೂ ತಿಳಿದುಕೊಳ್ಳಲಿಲ್ಲ.

ಈಗ ಸಂಕೋಚದ ವಿಷಯ. 2002ರ ಜೂನಿನಲ್ಲಿ ನಡುವಿನವಳನ್ನು ಮೈಸೂರಿನಲ್ಲಿದ್ದ ನನ್ನ ಅಕ್ಕನ ಮನೆಯಲ್ಲಿ ಓದಲು ಬಿಟ್ಟೆವು. ಅಕ್ಕನಿಗೆ ಮಕ್ಕಳಿರಲಿಲ್ಲ, ಪ್ರೀತಿಯಿಂದ ಕೇಳಿದಳು. ಒಬ್ಬನ ಸಂಬಳದಲ್ಲಿ ಮೂವರ ಓದು ನಡೆಯಬೇಕಿತ್ತು. ಒಂದು ಭಾರ ಹಗುರವಾದೀತೆಂದು ನಾನೂ ಒಪ್ಪಿದೆ. ಸಮಾಧಾನಕ್ಕೆಂದು ಆ ಗೇಮನ್ನು ಅವಳ ಚೀಲದಲ್ಲಿ ನಾನೇ ಇಟ್ಟು ಕಳಿಸಿದ್ದೆ. ದಸರಾ ರಜೆಗೆ ಬಂದವಳು ಅದನ್ನು ತಂದು ಮೇಜಿನ ಮೇಲಿಟ್ಟಳು. “ಇದು ಇಲ್ಲೇ ಇರಲಿ ಅಪ್ಪಾ. ಅಲ್ಲಿ ಟಾರ್ಚ್ ಹಿಡಿಯೋರು ಯಾರೂ ಇಲ್ಲ,” ಎಂದಳು. ಅತ್ತೆಯ ಮನೆಯಲ್ಲಿ ಕರೆಂಟು ಹೋಗುವುದು ಅಪರೂಪವಲ್ಲವೇ ಎಂದು ನಾನು ಕೇಳಿದೆ! ಅವಳು ಉತ್ತರ ಕೊಡಲಿಲ್ಲ. ಐದು ವರ್ಷ ಅಲ್ಲಿಯೇ ಓದಿದಳು, ಚೆನ್ನಾಗಿಯೇ ಓದಿದಳು. ನನ್ನ ನಿರ್ಧಾರ ಪೂರ್ತಿ ತಪ್ಪೆಂದು ಈಗಲೂ ಹೇಳಲಾರೆ. ಆದರೆ ಮೂರು ಕ್ಯಾಸೆಟ್ ಮಾಡಿದವರನ್ನು ಬೈದ ನಾಲಿಗೆಯಲ್ಲಿಯೇ, ಖರ್ಚಿನ ಲೆಕ್ಕದಲ್ಲಿ ನಾನೂ ಒಬ್ಬಳನ್ನು ಬೇರೆ ಪೆಟ್ಟಿಗೆಯಲ್ಲಿ ಇಟ್ಟೆನೆಂಬುದನ್ನು ಒಪ್ಪಿಕೊಳ್ಳಬೇಕು.

ಮೂಲ ಸರಣಿ 2005ಕ್ಕೆ ಮುಗಿಯಿತು. ಗೇಮ್ ಬಾಯ್‌ಗಳ ಕಾಲವೂ ಸರಿಯಿತು. ಆದರೆ ತುಂಡರಿಸಿ ಮಾರುವ ವಿದ್ಯೆ ಬೆಳೆಯುತ್ತಲೇ ಇದೆ. ಇಂದು ಎಷ್ಟೋ ಮೊಬೈಲ್ ಆಟಗಳು ಬಿಟ್ಟಿಯಾಗಿ ಮನೆಯೊಳಗೆ ಬರುತ್ತವೆ. ಬಂದ ಮೇಲೆ ಒಂದೊಂದು ಪಾತ್ರಕ್ಕೆ, ಒಂದೊಂದು ಉಡುಪಿಗೆ ಬೆಲೆ ಕೇಳುತ್ತವೆ. ನಿಮ್ಮಲ್ಲಿ ಅನೇಕರು ಈಗ ತಂದೆತಾಯಿಗಳಾಗಿದ್ದೀರಿ. ಮಕ್ಕಳ ಕೈಗೆ ಆಟ ಕೊಡಲೇಬೇಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ನೀವು ಕೇಳುವವರಲ್ಲ. ಆ ಆಟ ಮಗುವಿನ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಡುತ್ತದೆಯೇ ಎಂಬುದನ್ನು ಮಾತ್ರ ನೋಡಿ. ಬಿಡದಿದ್ದರೆ ನೀವೇ ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ. ಗದರಿಸುವುದಕ್ಕಿಂತ ಅದು ಹೆಚ್ಚು ಫಲ ಕೊಡುತ್ತದೆಂದು ತಡವಾಗಿ ಕಲಿತಿದ್ದೇನೆ.

ಆ ದಿನ ಯಂತ್ರದೊಳಗೆ ಸೆಲ್ ಇರಲಿಲ್ಲ. ಯಾರೋ ಜಾಣರು ಅಂದೇ ತೆಗೆದಿಟ್ಟಿದ್ದರಿಂದ ತುಕ್ಕು ಹಿಡಿದಿರಲಿಲ್ಲ. ಗೋಡೆ ಗಡಿಯಾರದ ಒಂದು ಸೆಲ್, ಟಿ.ವಿ. ಬಳಿ ಸಿಕ್ಕ ಇನ್ನೊಂದು, ಎರಡನ್ನೂ ಹಾಕಿದರು. ಯಂತ್ರ ಟಿಣ್ ಎಂದಿತು. ಮೂವರೂ ಜಗಲಿಯಲ್ಲಿ ಗೋಡೆಗೊರಗಿ ಕುಳಿತರು. ಕತ್ತಲಾಗುತ್ತಿತ್ತು. ನಾನು ದೀಪ ಹಾಕಲು ಎದ್ದೆ.

“ಬೇಡ ಅಪ್ಪಾ,” ಎಂದಳು ಕಿರಿಯವಳು, ಮೊಬೈಲಿನ ಟಾರ್ಚ್ ಹೊತ್ತಿಸುತ್ತಾ. “ನಾನು ಹಿಡೀತೀನಿ.”