ಬಿಕರಿಗಿದೆ ಬೇರೆಯವರ ಸಮಯ

ಅಮೆರಿಕದ ಒರ್ಲಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ 2024ರ ಅಕ್ಟೋಬರ್‌ನಲ್ಲಿ ಹೊಸ ಪಾಸೊಂದು ಮಾರಾಟಕ್ಕೆ ಬಂತು. ಹೆಸರು ‘ಲೈಟ್ನಿಂಗ್ ಲೇನ್ ಪ್ರೀಮಿಯರ್ ಪಾಸ್’. ಇದನ್ನು ಕೊಂಡವರು ತಮಗೆ ಬೇಕೆನಿಸಿದ ಹೊತ್ತಿಗೆ ಬಂದು, ಪಾಸ್ ಅನ್ವಯಿಸುವ ಒಂದೊಂದು ರೈಡನ್ನೂ ಒಮ್ಮೆ ಬೇರೆ ಸಾಲಿನಿಂದ ಹತ್ತಬಹುದು. ಅಲ್ಲಿನ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕ್‌ನಲ್ಲಿ ಜನ ಕಿಕ್ಕಿರಿಯುವ ದಿನಗಳಿಗೆ ಆಗ ನಿಗದಿಯಾದ ದರ ತಲೆಗೆ 449 ಡಾಲರ್. ಪ್ರವೇಶದ ಟಿಕೆಟ್ ಇದರಲ್ಲಿ ಸೇರಿಲ್ಲ. ಸಾಲಿನಲ್ಲಿ ಕಾಯದಿರುವುದಕ್ಕೆ ತೆರುವ ಹಣ, ಒಳಗೆ ಹೋಗಲು ತೆರುವ ಹಣದ ದುಪ್ಪಟ್ಟನ್ನೂ ಮೀರಿತು. ನಾಲ್ವರ ಕುಟುಂಬವಾದರೆ ಸರದಿ ತಪ್ಪಿಸಿಕೊಳ್ಳುವುದಕ್ಕೇ ದಿನಕ್ಕೆ 1,796 ಡಾಲರ್.

‘ದುಡ್ಡಿದ್ದವರು ಕೊಡುತ್ತಾರೆ, ನಮಗೇನು ನಷ್ಟ?’ ಎಂದು ಕೇಳುವವರಿದ್ದಾರೆ. ನಷ್ಟವಿದೆ. ಅದು ಟಿಕೆಟ್ಟಿನ ಮೇಲೆ ಅಚ್ಚಾಗಿರುವುದಿಲ್ಲ, ಅಷ್ಟೆ. ಪ್ರವೇಶ ದರ ಏರಿದರೆ ಸಾಮಾನ್ಯ ಪ್ರವಾಸಿಯ ಜೇಬಿಗೆ ಮಾತ್ರ ಹೊರೆ. ಸರದಿಯನ್ನೇ ಮಾರಾಟಕ್ಕಿಟ್ಟರೆ ಅವನ ದಿನಕ್ಕೂ ಕತ್ತರಿ ಬೀಳುತ್ತದೆ. ಎರಡೂ ಒಟ್ಟಿಗೆ ನಡೆದಾಗ, ಹೆಚ್ಚು ತೆತ್ತು ಕಡಿಮೆ ಅನುಭವಿಸುವ ವಿಚಿತ್ರ ಸ್ಥಿತಿ ಹುಟ್ಟುತ್ತದೆ. ಜಗತ್ತಿನ ದೊಡ್ಡ ಥೀಮ್ ಪಾರ್ಕ್‌ಗಳು ಈಗ ತಲುಪಿರುವುದು ಅಲ್ಲಿಗೆ.

ಮೊದಲು ದರದ ಕಥೆ. 1955ರಲ್ಲಿ ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆದಾಗ ವಯಸ್ಕರ ಪ್ರವೇಶ ದರ ಒಂದು ಡಾಲರ್. 1971ರಲ್ಲಿ ಮ್ಯಾಜಿಕ್ ಕಿಂಗ್‌ಡಮ್ ಆರಂಭವಾದಾಗ 3.50 ಡಾಲರ್. ಹಣದುಬ್ಬರವನ್ನು ಲೆಕ್ಕಕ್ಕೆ ಹಿಡಿದರೆ ಈ ಮೊತ್ತ ಇಂದಿನ ಸುಮಾರು 27 ಡಾಲರ್‌ಗೆ ಸಮ. ರೈಡುಗಳಿಗೆ ಆಗ ಬೇರೆ ಕೂಪನ್ ಬೇಕಿತ್ತು ಎಂಬುದನ್ನು ಸೇರಿಸಿಕೊಂಡರೂ ಅಂತರ ದೊಡ್ಡದೇ. ಮ್ಯಾಜಿಕ್ ಕಿಂಗ್‌ಡಮ್‌ನ ಒಂದು ದಿನದ ಟಿಕೆಟ್ 2015ರಲ್ಲಿ ನೂರು ಡಾಲರ್ ದಾಟಿತು. 2025ಕ್ಕೆ ನಿಗದಿಯಾದ ಡಿಸ್ನಿಲ್ಯಾಂಡ್‌ನ ಗರಿಷ್ಠ ದರ 206 ಡಾಲರ್. ಜನ ಕಡಿಮೆ ಇರುವ ಕೆಲವು ದಿನಗಳಿಗೆ 104 ಡಾಲರ್‌ನ ಟಿಕೆಟ್ಟೂ ಇದೆ ಎಂದು ಕಂಪನಿ ಹೇಳಿಕೊಳ್ಳುತ್ತದೆ. ಆದರೆ ಅಂಥ ದಿನಗಳು ಬಹುತೇಕ ಬರುವುದು ಮಕ್ಕಳಿಗೆ ಶಾಲೆ ಇರುವಾಗ.

‘ಹಣಕ್ಕೆ ತಕ್ಕ ರೈಡ್ ಎಂಬುದು ಡಿಸ್ನಿಗೆ ಹೊಸದೇನಲ್ಲ’ ಎಂಬ ವಾದವನ್ನು ಇಲ್ಲಿ ಪರಿಶೀಲಿಸಬೇಕು. ಹಳೆಯ ಡಿಸ್ನಿಲ್ಯಾಂಡ್‌ನಲ್ಲಿ ಕೂಪನ್ ಪುಸ್ತಕಗಳಿದ್ದದ್ದು ನಿಜ. ಎ, ಬಿ, ಸಿ ಎಂದು ರೈಡುಗಳಿಗೆ ದರ್ಜೆಗಳಿದ್ದವು. 1959ರಲ್ಲಿ ಅತ್ಯುತ್ತಮ ರೈಡುಗಳಿಗಾಗಿ ‘ಇ’ ಕೂಪನ್ ಸೇರಿತು. ಆದರೆ ಆ ಪದ್ಧತಿಯಲ್ಲಿ ಬೆಲೆ ಕಟ್ಟಿದ್ದು ರೈಡಿಗೆ. ‘ಇ’ ಕೂಪನ್ ಹಿಡಿದವರೆಲ್ಲ ಒಂದೇ ಸಾಲಿನಲ್ಲಿ, ಬಂದ ಕ್ರಮದಲ್ಲಿ ನಿಲ್ಲುತ್ತಿದ್ದರು. ಪುಸ್ತಕದಲ್ಲಿ ‘ಇ’ ಕೂಪನ್‌ಗಳು ಕೆಲವೇ ಇದ್ದುದರಿಂದ ಜನ ಸಣ್ಣ ರೈಡುಗಳ ಕಡೆಗೂ ಹಂಚಿಹೋಗುತ್ತಿದ್ದರು. 1982ರಲ್ಲಿ ಕೂಪನ್ ಹೋಗಿ, ಒಂದೇ ಟಿಕೆಟ್‌ನಲ್ಲಿ ಎಲ್ಲ ರೈಡುಗಳು ಎಂಬ ವ್ಯವಸ್ಥೆ ಬಂತು. ಈಗ ಬೆಲೆ ಕಟ್ಟಿರುವುದು ಸಾಲಿನಲ್ಲಿ ನಿಮಗಿರುವ ಸ್ಥಾನಕ್ಕೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಈ ಬದಲಾವಣೆ ಒಮ್ಮೆಲೇ ಆದದ್ದಲ್ಲ. 1999ರಲ್ಲಿ ಡಿಸ್ನಿ ‘ಫಾಸ್ಟ್‌ಪಾಸ್’ ಪರಿಚಯಿಸಿತು. ಯಂತ್ರದಿಂದ ಚೀಟಿ ಪಡೆದು, ಅದರಲ್ಲಿ ನಮೂದಿಸಿದ ಹೊತ್ತಿಗೆ ಬಂದರೆ ಬೇಗ ರೈಡ್ ಹತ್ತಬಹುದಿತ್ತು. ಅದಕ್ಕೆ ಹಣವಿರಲಿಲ್ಲ. ದೋಷಗಳಿದ್ದವು, ನಿಜ. ಒಬ್ಬನೇ ವ್ಯಕ್ತಿ ಚೀಟಿಯ ಮೂಲಕ ಒಂದು ಸಾಲಿನಲ್ಲೂ ದೇಹದ ಮೂಲಕ ಇನ್ನೊಂದು ಸಾಲಿನಲ್ಲೂ ಇರಬಹುದಾದ್ದರಿಂದ ಸಾಮಾನ್ಯ ಸಾಲುಗಳು ಬೆಳೆದವು. ಆದರೂ ಟಿಕೆಟ್ ಕೊಂಡ ಪ್ರತಿಯೊಬ್ಬರಿಗೂ ಚೀಟಿ ಪಡೆಯುವ ಹಕ್ಕು ಸಮನಾಗಿತ್ತು. ಕೋವಿಡ್ ಕಾಲದಲ್ಲಿ ನಿಂತ ಈ ಸೌಲಭ್ಯ 2021ರ ಅಕ್ಟೋಬರ್‌ನಲ್ಲಿ ‘ಜೀನಿ ಪ್ಲಸ್’ ಎಂಬ ಹೆಸರಿನಲ್ಲಿ ಮರಳಿತು, ದಿನಕ್ಕೆ 15 ಡಾಲರ್ ಶುಲ್ಕದೊಂದಿಗೆ. ಅತಿ ಬೇಡಿಕೆಯ ರೈಡುಗಳಿಗೆ ಅದರ ಮೇಲೆ ಬೇರೆ ಹಣ. ಮರುವರ್ಷ ದರ ದಿನದಿಂದ ದಿನಕ್ಕೆ ಬದಲಾಗತೊಡಗಿತು. 2024ರಲ್ಲಿ ಹೆಸರೂ ಬದಲಾಯಿತು. ಉಚಿತವಾಗಿದ್ದುದು ಅಗ್ಗವಾಗಿ, ಅಗ್ಗವಾಗಿದ್ದುದು ದುಬಾರಿಯಾಗಲು ಮೂರು ವರ್ಷ ಸಾಕಾಯಿತು.

ಹಣ ಕೊಟ್ಟು ಸರದಿ ದಾಟುವುದರಿಂದ ಆಗುವುದೇನು ಎಂಬುದನ್ನು ಒಂದು ಸರಳ ಲೆಕ್ಕದಲ್ಲಿ ನೋಡಬಹುದು. ಗಂಟೆಗೆ 2,000 ಜನರನ್ನು ಹೊರುವ ರೈಡ್ ಇದೆ ಎಂದುಕೊಳ್ಳಿ. ಬೆಳಿಗ್ಗೆ ಬಾಗಿಲು ತೆರೆದಾಗ 2,000 ಜನ ಬಂದು ನಿಂತಿದ್ದಾರೆ. ಒಂದೇ ಸಾಲಾದರೆ ಒಬ್ಬರ ಸರಾಸರಿ ಕಾಯುವಿಕೆ 30 ನಿಮಿಷ. ಇವರಲ್ಲಿ 500 ಮಂದಿ ಹಣ ಕೊಟ್ಟು ಮುಂದೆ ಹೋದರು ಎನ್ನಿ. ಅವರ ಸರಾಸರಿ ಏಳೂವರೆ ನಿಮಿಷಕ್ಕೆ ಇಳಿಯುತ್ತದೆ. ಉಳಿದ 1,500 ಮಂದಿಯ ಸರಾಸರಿ ಮೂವತ್ತೇಳೂವರೆ ನಿಮಿಷಕ್ಕೆ ಏರುತ್ತದೆ. ಐನೂರು ಮಂದಿ ಉಳಿಸಿಕೊಂಡದ್ದು ಒಟ್ಟು 11,250 ನಿಮಿಷ. ಸಾವಿರದೈನೂರು ಮಂದಿ ಕಳೆದುಕೊಂಡದ್ದೂ ಅಷ್ಟೇ, ಒಂದು ನಿಮಿಷವೂ ಹೆಚ್ಚುಕಮ್ಮಿಯಿಲ್ಲ. ರೈಡಿನ ವೇಗ ಹೆಚ್ಚಲಿಲ್ಲ, ಗಾಡಿಗೆ ಒಂದು ಸೀಟೂ ಸೇರಲಿಲ್ಲ. ಒಬ್ಬರ ಸಮಯ ಇನ್ನೊಬ್ಬರಿಗೆ ಹೋಯಿತು, ಹಣ ಮೂರನೆಯವರಿಗೆ ಹೋಯಿತು. ಕಳೆದುಕೊಂಡವರಿಗೆ ದಕ್ಕಿದ್ದು ಸೊನ್ನೆ. ಪಾರ್ಕ್ ಮಾರಿದ್ದು ತನ್ನದಲ್ಲದ ಸರಕನ್ನು.

ವಿಮಾನದಲ್ಲಿ ಬಿಸಿನೆಸ್ ಕ್ಲಾಸ್ ಇಲ್ಲವೇ ಎಂದು ಕೇಳುವವರಿಗೂ ಇದರಲ್ಲೇ ಉತ್ತರವಿದೆ. ಮುಂದಿನ ಅಗಲ ಸೀಟಿನವರೂ ಹಿಂದಿನ ಇಕ್ಕಟ್ಟು ಸೀಟಿನವರೂ ಊರು ಮುಟ್ಟುವುದು ಒಂದೇ ಹೊತ್ತಿಗೆ. ಅವರು ಹೆಚ್ಚು ಹಣ ಕೊಟ್ಟರೆಂದು ಇವರ ಪ್ರಯಾಣ ಅರ್ಧ ಗಂಟೆ ತಡವಾಗುವುದಿಲ್ಲ. ಸರದಿಯಲ್ಲಿ ಹಾಗಲ್ಲ.

ಇನ್ನು ಮನಸ್ಸಿನ ಲೆಕ್ಕ. ಕಾಯುವಿಕೆಯ ಮನೋವಿಜ್ಞಾನ ಕುರಿತು ಡೇವಿಡ್ ಮೈಸ್ಟರ್ 1985ರಲ್ಲಿ ಬರೆದ ಪ್ರಬಂಧ ಇಂದಿಗೂ ಈ ಕ್ಷೇತ್ರದ ಮೊದಲ ಪಾಠ. ಕೈಗೆ ಕೆಲಸವಿಲ್ಲದ ಹೊತ್ತು ದೀರ್ಘವೆನಿಸುತ್ತದೆ, ಎಷ್ಟು ಹೊತ್ತೆಂದು ತಿಳಿಯದಿದ್ದರೆ ಇನ್ನಷ್ಟು ದೀರ್ಘವೆನಿಸುತ್ತದೆ, ಅನ್ಯಾಯವೆನಿಸಿದ ಕಾಯುವಿಕೆಯೂ ಹಾಗೆಯೇ ಎಂಬುದು ಅವರ ನಿರೂಪಣೆಯ ಸಾರ. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ರಿಚರ್ಡ್ ಲಾರ್ಸನ್ 1987ರಲ್ಲಿ ಸರದಿಯನ್ನು ಸಾಮಾಜಿಕ ನ್ಯಾಯದ ಪ್ರಶ್ನೆಯಾಗಿಯೇ ಚರ್ಚಿಸಿದರು. ನಂತರ ಬಂದವರು ಮೊದಲು ಹೋದಾಗ ಆಗುವ ಅಸಮಾಧಾನಕ್ಕೂ ಕಾದ ನಿಮಿಷಗಳಿಗೂ ನೇರ ಸಂಬಂಧವಿಲ್ಲ ಎಂಬುದು ಇದರಿಂದ ಸ್ಪಷ್ಟ. ಕೆಲಸವಿಲ್ಲದ ಹೊತ್ತಿನ ಪಾಠವನ್ನು ಡಿಸ್ನಿಯಷ್ಟು ಚೆನ್ನಾಗಿ ಕಲಿತ ಕಂಪನಿ ಇನ್ನೊಂದಿಲ್ಲ: ಸಾಲಿನುದ್ದಕ್ಕೂ ಚಿತ್ರ, ಸಂಗೀತ, ಕಥೆ ತುಂಬಿ ಕಾಯುವಿಕೆಯನ್ನೇ ಆಟದ ಭಾಗವಾಗಿಸಿದ್ದು ಅದು. ಈಗ ಪಕ್ಕದಲ್ಲೇ ಇನ್ನೊಂದು ಸಾಲು ಸರಸರನೆ ಸಾಗುವಂತೆ ಮಾಡಿ, ಅನ್ಯಾಯದ ಪಾಠವನ್ನು ತಾನೇ ಮರೆತಂತಿದೆ. ನಲವತ್ತು ನಿಮಿಷ ನಿಂತ ಮಗು, ‘ಅವರು ಯಾಕಪ್ಪಾ ಮುಂದೆ ಹೋದ್ರು?’ ಎಂದು ಕೇಳಿದಾಗ ಅಪ್ಪನಿಗೆ ಆಗುವ ಇರುಸುಮುರುಸು ಯಾವ ಸಮೀಕ್ಷೆಯ ಅಂಕಣದಲ್ಲೂ ದಾಖಲಾಗುವುದಿಲ್ಲ.

ಹಾಗಾದರೆ ಹಣ ಕೊಟ್ಟವರಾದರೂ ಸುಖಿಗಳೇ? ಪೂರ್ತಿ ಅಲ್ಲ. ‘ಜೀನಿ ಪ್ಲಸ್’ ಕಾಲದಲ್ಲಿ ಬೆಳಿಗ್ಗೆ ಏಳಕ್ಕೇ ಎದ್ದು ಮೊಬೈಲ್‌ನಲ್ಲಿ ಮೊದಲ ರೈಡ್ ಕಾಯ್ದಿರಿಸಬೇಕಿತ್ತು. ಈಗ ಡಿಸ್ನಿ ಹೋಟೆಲ್‌ನಲ್ಲಿ ತಂಗುವವರು ಏಳು ದಿನ ಮೊದಲೇ, ಉಳಿದವರು ಮೂರು ದಿನ ಮೊದಲೇ ಕಾಯ್ದಿರಿಸಬಹುದು. ರಜೆಯ ಒಂದು ಭಾಗ ಫೋನಿನ ಪರದೆಯ ಮೇಲೆ ಕರಗುತ್ತದೆ. ಇಷ್ಟು ತೆತ್ತ ಮೇಲೆ ನಿರೀಕ್ಷೆಯೂ ಏರುತ್ತದೆ. ಮಳೆ ಬಂದರೆ, ರೈಡ್ ಕೆಟ್ಟು ನಿಂತರೆ, ವೇಗದ ಸಾಲಿನಲ್ಲೂ ಹತ್ತಿಪ್ಪತ್ತು ನಿಮಿಷ ಹಿಡಿದರೆ ಸಿಟ್ಟೂ ದುಬಾರಿಯಾಗುತ್ತದೆ. ಅವರು ಕೊಂಡದ್ದು ಹೆಚ್ಚಿನ ಸಂತೋಷವನ್ನಲ್ಲ, ತಾಪತ್ರಯದಿಂದ ಬಿಡುಗಡೆಯನ್ನು. ಆ ತಾಪತ್ರಯದಲ್ಲಿ ಒಂದಷ್ಟು ಪಾಲು ಈ ಮಾರಾಟದಿಂದಲೇ ಹುಟ್ಟಿದ್ದು.

ನಿಜವಾದ ಅಪಾಯ ಇರುವುದು ಇಲ್ಲಿ. ಸಾಮಾನ್ಯ ಸಾಲು ಚುರುಕಾಗಿದ್ದರೆ ವೇಗದ ಪಾಸನ್ನು ಯಾರೂ ಕೊಳ್ಳುವುದಿಲ್ಲ. ಸಾಲು ಬೆಳೆದಷ್ಟೂ ಪಾಸಿಗೆ ಬೆಲೆ. ಜನದಟ್ಟಣೆಯನ್ನು ನಿವಾರಿಸಬೇಕಾದ ಆಡಳಿತಕ್ಕೆ ದಟ್ಟಣೆಯಿಂದಲೇ ಲಾಭ ಬರತೊಡಗಿದರೆ, ಅದನ್ನು ನಿವಾರಿಸುವ ಅವಸರ ಉಳಿಯದು. ಡಿಸ್ನಿಯ 2024ರ ಹಣಕಾಸು ವರ್ಷದಲ್ಲಿ ಕಂಪನಿಯ ವಿವಿಧ ವಿಭಾಗಗಳ ಕಾರ್ಯಾಚರಣೆಯ ಲಾಭದಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಪಾರ್ಕ್, ಹಡಗುಯಾನ ಇತ್ಯಾದಿಗಳಿರುವ ವಿಭಾಗದಿಂದ. ಆ ವಿಭಾಗದ ಮೇಲಿನ ಒತ್ತಡ ಊಹಿಸಬಹುದು. ಲಾಭದ ಉತ್ಸಾಹದಲ್ಲಿ ಕೆಲವು ದರಗಳ ವಿಷಯದಲ್ಲಿ ತಾವು ಅತಿ ಮಾಡಿರಬಹುದು ಎಂಬರ್ಥದ ಮಾತನ್ನು ಆಗ ಮುಖ್ಯಸ್ಥರಾಗಿದ್ದ ಬಾಬ್ ಐಗರ್ 2023ರ ಮಾರ್ಚ್‌ನಲ್ಲಿ ಹೂಡಿಕೆದಾರರ ಮುಂದೆಯೇ ಆಡಿದ್ದರು. 449 ಡಾಲರ್‌ನ ಪಾಸ್ ಬಂದದ್ದು ಆ ಮಾತಿನ ನಂತರ.

‘ಅತೃಪ್ತಿ ಇದ್ದರೆ ಜನ ಏಕೆ ಬರುತ್ತಾರೆ?’ ಎಂಬ ಪ್ರಶ್ನೆ ಗಟ್ಟಿಯಾದದ್ದೇ. ಮ್ಯಾಜಿಕ್ ಕಿಂಗ್‌ಡಮ್‌ಗೆ ವರ್ಷಕ್ಕೆ 1.7 ಕೋಟಿಗೂ ಹೆಚ್ಚು ಭೇಟಿಗಳು ನಡೆಯುತ್ತವೆ. ಆದರೆ ಬಂದವರ ಸಂಖ್ಯೆ ಬೇಡಿಕೆಯನ್ನು ಹೇಳುತ್ತದೆ, ತೃಪ್ತಿಯನ್ನಲ್ಲ. ಮಕ್ಕಳ ಬಾಲ್ಯ ಒಮ್ಮೆಯೇ ಬರುವಂಥದ್ದು, ಮಿಕ್ಕಿ ಮೌಸ್‌ಗೆ ಬದಲಿಯಿಲ್ಲ ಎಂಬ ಕಾರಣಕ್ಕೆ ಸಾಲ ಮಾಡಿಯಾದರೂ ಬರುವವರಿದ್ದಾರೆ. ಅಮೆರಿಕದಲ್ಲಿರುವ ಮಗನ ಮನೆಗೆಂದು ಹೋದ ನಮ್ಮ ಹಿರಿಯರು ಒರ್ಲಾಂಡೊಗೆ ಹೋಗುವುದು ಬಹುಶಃ ಜೀವನದಲ್ಲಿ ಒಂದೇ ಬಾರಿ. ಅವರ ಸಿಟ್ಟು ಮುಂದಿನ ವರ್ಷದ ಲೆಕ್ಕದಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಸರದಿಗೆ ಬೆಲೆ ಬಂದರೆ ಎಲ್ಲಕ್ಕೂ ಬೆಲೆ ಬರುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆಯಿದೆ. ಅಂಗವಿಕಲರಿಗಾಗಿ ಡಿಸ್ನಿ ಕೊಟ್ಟಿದ್ದ ವಿಶೇಷ ಪ್ರವೇಶವನ್ನು ಬಳಸಿಕೊಳ್ಳಲು ಕೆಲವು ಸಿರಿವಂತ ಕುಟುಂಬಗಳು ಅಂಗವಿಕಲ ಮಾರ್ಗದರ್ಶಿಗಳನ್ನು ಬಾಡಿಗೆಗೆ ಕರೆದೊಯ್ಯುತ್ತಿವೆ ಎಂಬ ವರದಿ 2013ರಲ್ಲಿ ಬಂದಿತ್ತು. ಅದೇ ವರ್ಷ ಡಿಸ್ನಿ ಆ ವ್ಯವಸ್ಥೆಯನ್ನೇ ಬದಲಿಸಿತು. 2024ರಲ್ಲಿ ನಿಯಮ ಇನ್ನೂ ಬಿಗಿಯಾಯಿತು. ಸೌಲಭ್ಯವು ಆಟಿಸಂನಂಥ ಬೆಳವಣಿಗೆಯ ತೊಂದರೆ ಇರುವವರಿಗೆ ಮುಖ್ಯವಾಗಿ ಸೀಮಿತಗೊಂಡಿತು. ಇದರಿಂದ ಹೊರಗುಳಿದು, ಬಹಳ ಹೊತ್ತು ನಿಲ್ಲಲಾಗದ ಅನೇಕರು ಈಗ ಬೇರೆ ದಾರಿ ಹುಡುಕಬೇಕಾಗಿದೆ. ಸಿರಿವಂತರಿಗೆ ಅಂಥ ಹುಡುಕಾಟ ಬೇಕಿಲ್ಲ, ಅವರಿಗೆ ಅಧಿಕೃತ ಪಾಸೇ ಇದೆ.

ಬೇರೆ ದಾರಿಗಳಿಲ್ಲವೆಂದಲ್ಲ. ಟೋಕಿಯೊ ಡಿಸ್ನಿ 2022ರಲ್ಲಿ ಹಣ ಕೊಟ್ಟು ಪಡೆಯುವ ವೇಗದ ಪಾಸ್ ತಂದಿತಾದರೂ, ಮರುವರ್ಷ ಇನ್ನು ಕೆಲವು ರೈಡುಗಳಿಗೆ ಉಚಿತ ಪಾಸನ್ನೂ ಕೊಟ್ಟಿತು. ಅಮೆರಿಕದ ಇಂಡಿಯಾನಾದ ಹಾಲಿಡೇ ವರ್ಲ್ಡ್ ಎಂಬ ಕುಟುಂಬ ಒಡೆತನದ ಪಾರ್ಕ್‌ನಲ್ಲಿ ವಾಹನ ನಿಲುಗಡೆ, ತಂಪು ಪಾನೀಯ, ಬಿಸಿಲು ತಡೆಯುವ ಲೇಪ ಎಲ್ಲವೂ ಉಚಿತ. ಒಮ್ಮೆ ಕೊಟ್ಟ ಮೇಲೆ ಮತ್ತೆ ಮತ್ತೆ ಜೇಬಿಗೆ ಕೈ ಹಾಕಿಸದಿರುವುದೂ ತೃಪ್ತಿಯ ಮೂಲ ಎಂಬುದನ್ನು ಆ ಸಣ್ಣ ಪಾರ್ಕ್ ಕಂಡುಕೊಂಡಿದೆ. ಕೊನೆಯದಾಗಿ, ಹೆಚ್ಚು ರೈಡ್ ಕಟ್ಟುವುದು. 2025ರ ಮೇ ತಿಂಗಳಲ್ಲಿ ಯೂನಿವರ್ಸಲ್ ಕಂಪನಿ ಒರ್ಲಾಂಡೊದಲ್ಲಿ ‘ಎಪಿಕ್ ಯೂನಿವರ್ಸ್’ ತೆರೆಯಿತು. ಆ ಕಂಪನಿಯೂ ‘ಎಕ್ಸ್‌ಪ್ರೆಸ್ ಪಾಸ್’ ಮಾರುತ್ತದೆ ಎಂಬುದು ಬೇರೆ ಮಾತು. ಆದರೆ ಒಟ್ಟು ಕಾಯುವಿಕೆಯನ್ನು ನಿಜವಾಗಿ ಇಳಿಸುವುದು ಹೊಸ ಗಾಡಿ, ಹೊಸ ಹಳಿ ಮಾತ್ರ. ಪಾಸ್ ಅದನ್ನು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ವರ್ಗಾಯಿಸುತ್ತದೆ.

ಇದು ನಮ್ಮ ಬಾಗಿಲಿಗೂ ಬಂದಿದೆ. 2005ರಲ್ಲಿ ಬಿಡದಿ ಬಳಿ ಆರಂಭವಾದ ವಂಡರ್‌ಲಾದಲ್ಲಿ ಸಾಮಾನ್ಯ ಟಿಕೆಟ್ಟಿನ ಜೊತೆಗೆ ಹೆಚ್ಚು ದರದ ‘ಫಾಸ್ಟ್‌ಟ್ರ್ಯಾಕ್’ ಟಿಕೆಟ್ ಇದೆ. ಮನೋರಂಜನಾ ಪಾರ್ಕ್‌ಗಳ ಪ್ರವೇಶದ ಮೇಲೆ ಜಿಎಸ್‌ಟಿ ಆರಂಭದಲ್ಲಿ ಶೇ 28ರಷ್ಟಿದ್ದು, 2018ರ ಜನವರಿಯಲ್ಲಿ ಶೇ 18ಕ್ಕೆ ಇಳಿಯಿತು. ಹಾಗಾಗಿ ಟಿಕೆಟ್ಟಿನ ಹಣವೆಲ್ಲ ಕಂಪನಿಗೆ ಹೋಗುವುದಿಲ್ಲ. ಸರ್ಕಾರದ ಪಾಲೂ ಇದೆ. ಆದರೆ ಡಿಸೆಂಬರ್, ಜನವರಿಯಲ್ಲಿ ದೂರದ ಜಿಲ್ಲೆಗಳಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದು, ಸಂಜೆಗೆ ಮರಳಬೇಕಾದ ಶಾಲಾ ಮಕ್ಕಳಿಗೆ ಒಂದೊಂದು ರೈಡಿನ ಸರದಿಯೂ ಅಮೂಲ್ಯ. ದೇವರ ಸನ್ನಿಧಿಯಲ್ಲೇ ನಾವು ಇದಕ್ಕೆ ಒಗ್ಗಿಕೊಂಡಿದ್ದೇವೆ ಎಂಬುದೂ ಸತ್ಯ. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನಕ್ಕೆ 300 ರೂಪಾಯಿ, 1,000 ರೂಪಾಯಿಯ ಸಾಲುಗಳಿವೆ. ದೇಗುಲಗಳ ವಿಐಪಿ ದರ್ಶನದ ವಿರುದ್ಧದ ಅರ್ಜಿಯನ್ನು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪುರಸ್ಕರಿಸಲಿಲ್ಲ. ತೀರ್ಮಾನವನ್ನು ಆಡಳಿತಗಳಿಗೇ ಬಿಟ್ಟಿತು. ಒಗ್ಗಿಕೊಂಡಿದ್ದೇವೆ ಎಂದ ಮಾತ್ರಕ್ಕೆ ಒಪ್ಪಿಕೊಂಡಿದ್ದೇವೆ ಎಂದಾಗದು.

ಖಾಸಗಿ ಪಾರ್ಕ್ ತನ್ನ ದರ ತಾನು ನಿಗದಿ ಮಾಡಿಕೊಳ್ಳಲಿ, ಅದನ್ನು ನಿಯಂತ್ರಿಸುವುದು ಸರ್ಕಾರದ ಕೆಲಸವಲ್ಲ. ಆದರೆ ಟಿಕೆಟ್ ಮಾರುವಾಗ ಮೂರು ಷರತ್ತುಗಳಿಗೆ ಬದ್ಧವಾಗಿರಬೇಕು. ಪ್ರತಿ ರೈಡಿನ ಸೀಟುಗಳಲ್ಲಿ ಎಷ್ಟು ಪಾಲು ವೇಗದ ಸಾಲಿಗೆ ಮೀಸಲು ಎಂಬುದನ್ನು ಟಿಕೆಟ್ ಕೊಳ್ಳುವ ಮುನ್ನವೇ ತಿಳಿಸಬೇಕು. ಆ ಪಾಲಿಗೆ ಮಿತಿಯಿರಬೇಕು. ಈ ಪಾಸುಗಳಿಂದ ಬಂದ ಹಣದಲ್ಲಿ ಎಷ್ಟನ್ನು ಹೊಸ ರೈಡಿಗೆ, ಸಾಲಿನ ನೆರಳಿಗೆ, ಕುಡಿಯುವ ನೀರಿಗೆ ಖರ್ಚು ಮಾಡಲಾಯಿತು ಎಂಬುದನ್ನು ಪ್ರಕಟಿಸಬೇಕು. ಕಾದವರ ಸಮಯ ಮಾರಿ ಗಳಿಸಿದ ಹಣದಲ್ಲಿ ಕಾದವರಿಗೂ ಪಾಲು ಸಿಗಲಿ. ಅದಾಗುವವರೆಗೆ ವೇಗದ ಪಾಸನ್ನು ‘ಸೌಲಭ್ಯ’ ಎಂದು ಜಾಹೀರಾತು ಮಾಡುವ ಹಕ್ಕು ಯಾವ ಪಾರ್ಕ್‌ಗೂ ಇಲ್ಲ.